ಸೆರೆಯಿಂದ ಮರಳಿದ ಸೈನಿಕನ ಹೆಸರಿಗೆ ಶಾಲೆಯ ಅಂಗಳದಲ್ಲಿ ಜಾಗ ಕೊಡಿಸಿ: ಶಾಸಕರಿಗೆ ಒಂದು ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ಕಲಬುರಗಿ ಜಿಲ್ಲೆಯ ಭೀಮಾ ತೀರದ ಹಳ್ಳಿಯೊಂದರಿಂದ ಗೌರವಪೂರ್ವಕ ನಮಸ್ಕಾರಗಳು.

ಕಳೆದ ವರ್ಷ ತಮ್ಮ 92ನೇ ವಯಸ್ಸಿನಲ್ಲಿ ತೀರಿಕೊಂಡ ನಮ್ಮ ಮುತ್ಯಾ (ಅಜ್ಜ) ಅವರ ಹೆಸರು ಕೆತ್ತಿದ ಕಲ್ಲೊಂದನ್ನು ನಮ್ಮೂರ ಸರ್ಕಾರಿ ಶಾಲೆಯ ಅಂಗಳದಲ್ಲಿ ನಿಲ್ಲಿಸಲು ಒಪ್ಪಿಗೆ ಕೊಡಿಸಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಗ್ರಾಮ ಪಂಚಾಯಿತಿ ಈ ಬಗ್ಗೆ ಠರಾವು ಪಾಸು ಮಾಡಿದೆ, ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೆಲ್ಲ ಸಹಿ ಹಾಕಿದ್ದಾರೆ. ಅದರ ಮೇಲಿನ ನಿಯಮಗಳನ್ನು ನಾನು ತಮಗೆ ಹೇಳಬೇಕಾಗಿಲ್ಲ. ಯಾವ ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಬೇಕೆಂಬುದು ನಮಗಿಂತ ತಮಗೇ ಚೆನ್ನಾಗಿ ಗೊತ್ತು. ಆ ಕಡತ ಈಗ ಒಂದು ಕಚೇರಿಯಲ್ಲಿ ಕುಳಿತಿದೆ. ಕೇಳಲು ಹೋದಾಗಲೆಲ್ಲ "ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಮುಂದಿನ ವಾರ ಬನ್ನಿ" ಎಂಬ ಮಾತು ಸಿಕ್ಕಿದೆಯೇ ಹೊರತು ಒಪ್ಪಿಗೆ ಸಿಕ್ಕಿಲ್ಲ.

ಮುತ್ಯಾ ಹುಟ್ಟಿದಾಗ ನಮ್ಮೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉರ್ದು ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಅವರು, 1948ರ ಸೆಪ್ಟೆಂಬರ್ 17ರಂದು ಈ ಭಾಗಕ್ಕೆ ಬಿಡುಗಡೆ ಸಿಕ್ಕಿದ ಕೆಲವೇ ವರ್ಷಗಳಲ್ಲಿ ಭಾರತೀಯ ಸೇನೆಗೆ ಭರ್ತಿಯಾದರು. 1962ರ ಅಕ್ಟೋಬರ್ 20ರ ನಸುಕಿನಲ್ಲಿ ಈಗಿನ ಅರುಣಾಚಲ ಪ್ರದೇಶದ ಗಡಿಯ ನಾಮ್ಕಾ ಚು ಹೊಳೆಯ ದಂಡೆಯಲ್ಲಿದ್ದ 7ನೇ ಇನ್‌ಫೆಂಟ್ರಿ ಬ್ರಿಗೇಡಿನ ಮೇಲೆ ಚೀನೀ ಸೇನೆ ಎರಗಿದಾಗ, ಟೆಲಿಫೋನ್ ತಂತಿ ಎಳೆಯುವ, ಹರಿದರೆ ಜೋಡಿಸುವ ಸಿಗ್ನಲ್ಸ್ ಲೈನ್‌ಮನ್ ಆಗಿ ಅವರು ಅಲ್ಲಿದ್ದರು. ಹತ್ತು ಸಾವಿರ ಅಡಿಗೂ ಮೇಲಿನ ಆ ಚಳಿಯಲ್ಲಿ ನಮ್ಮ ಸೈನಿಕರ ಮೈಮೇಲೆ ಇದ್ದದ್ದು ಹತ್ತಿಯ ಬಟ್ಟೆ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಫಿರಂಗಿ ಗುಂಡಿಗೆ ತುಂಡಾದ ತಂತಿಯ ತುದಿ ಹುಡುಕುತ್ತ ಹೋದ ಮುತ್ಯಾ ಹಿಂತಿರುಗಿ ಬರುವಷ್ಟರಲ್ಲಿ ಅವರ ಠಾಣೆಯೇ ಉಳಿದಿರಲಿಲ್ಲ. ಆ ಬ್ರಿಗೇಡಿನ ಮುಖ್ಯಸ್ಥರಾಗಿದ್ದ ಬ್ರಿಗೇಡಿಯರ್ ಜಾನ್ ದಳವಿ ಅವರೇ ಎರಡು ದಿನಗಳಲ್ಲಿ ಸೆರೆಯಾದರೆಂದ ಮೇಲೆ, ಒಬ್ಬ ಲೈನ್‌ಮನ್ ಸೆರೆಯಾದದ್ದಕ್ಕೆ ಯಾರು ಯಾವ ವಿವರಣೆ ಕೇಳಬಲ್ಲರು?

ಊರಿಗೆ ಬಂದ ಟೆಲಿಗ್ರಾಂನಲ್ಲಿ "ಪತ್ತೆಯಿಲ್ಲ" ಎಂದಷ್ಟೇ ಇತ್ತು. ಕುಂಕುಮ ಅಳಿಸು, ಬಳೆ ತೆಗೆ ಎಂದು ಹೇಳಲು ಬಂದ ಹಿರಿಯರನ್ನು ನಮ್ಮ ಆಯಿ (ಅಜ್ಜಿ) ಹೊಸ್ತಿಲು ದಾಟಿಸಲಿಲ್ಲವಂತೆ. 1963ರ ಬೇಸಿಗೆಯಲ್ಲಿ ಟಿಬೆಟ್ಟಿನ ಸೆರೆಯಿಂದ ಮರಳಿದ ಮುತ್ಯಾನಿಗೆ ಎಡಗಾಲಿನ ಎರಡು ಬೆರಳುಗಳು ಇರಲಿಲ್ಲ, ಹಿಮ ತಿಂದಿತ್ತು. ಜೀವನವಿಡೀ ಅವರು ಎಡಗಾಲಿನ ಬೂಟಿನ ಮುಂಭಾಗಕ್ಕೆ ಹಳೆಯ ಬಟ್ಟೆ ತುರುಕಿಕೊಂಡೇ ನಡೆದರು. ಸೆರೆಯಲ್ಲಿ ತಿಂಗಳುಗಟ್ಟಲೆ ಮೂಲಂಗಿ ಬೇಯಿಸಿದ ನೀರು ಕುಡಿದಿದ್ದ ಅವರ ಎದುರು, ರೊಟ್ಟಿಯ ಜೊತೆಗೆ ನಾವು ಮೂಲಂಗಿ ಪಚಡಿ ಬಡಿಸುತ್ತಿರಲಿಲ್ಲ. ತಪ್ಪಿ ಬಡಿಸಿದ ದಿನ ಒಂದು ಮಾತೂ ಆಡದೆ ತಾಟಿನ ಮುಂದಿನಿಂದ ಏಳುತ್ತಿದ್ದರು.

ಮಾನ್ಯರೇ, ಇಷ್ಟಾದರೂ ಈ ಪತ್ರ ಬರೆಯುತ್ತಿರಲಿಲ್ಲವೇನೋ. ಆದರೆ ಒಂದು ಘಟನೆಯನ್ನು ತಮ್ಮ ಗಮನಕ್ಕೆ ತರದೆ ನನ್ನಿಂದ ಇರಲಾಗುತ್ತಿಲ್ಲ. ಅವರು ತೀರಿಕೊಳ್ಳುವ ಕೆಲವು ವರ್ಷಗಳ ಮೊದಲು, ಸ್ವಾತಂತ್ರ್ಯ ದಿನದ ಸಮಾರಂಭವೊಂದರಲ್ಲಿ ಸನ್ಮಾನ ಮಾಡುತ್ತೇವೆ ಬನ್ನಿ ಎಂದು ಕರೆಬಂದಿತ್ತು. ಮುತ್ಯಾ ನಸುಕಿನಲ್ಲೇ ಎದ್ದು, ಇಸ್ತ್ರಿ ಮಾಡಿಸಿದ ಕೋಟು ತೊಟ್ಟು, ಪದಕಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಎದೆಗೆ ಚುಚ್ಚಿಕೊಂಡು, ಬೂಟಿಗೆ ಬಟ್ಟೆ ತುರುಕಿ ಸಿದ್ಧರಾಗಿದ್ದರು. ಶಾಮಿಯಾನದ ಅಂಚಿನ ಕುರ್ಚಿಯಲ್ಲಿ, ಬಿಸಿಲು ಮೈಮೇಲೆ ಬರುತ್ತಿದ್ದರೂ ಕದಲದೆ ಕುಳಿತರು. ಎಲ್ಲರ ಹೆಸರೂ ಕೂಗಿದರು, ಅವರ ಹೆಸರು ಬರಲಿಲ್ಲ. ನಾನು ವೇದಿಕೆಯ ಪಕ್ಕಕ್ಕೆ ಹೋಗಿ ಕೇಳಿದಾಗ, ಪಟ್ಟಿ ಹಿಡಿದು ನಿಂತಿದ್ದ ವ್ಯಕ್ತಿ, "ನೋಡಮ್ಮಾ, ವೈರಿ ಕೈಗೆ ಸಿಕ್ಕಿಬಿದ್ದವರನ್ನು ಸ್ಟೇಜಿಗೆ ಕರೆದರೆ ಶಾಲೆ ಮಕ್ಕಳು ಏನು ತಿಳಿದುಕೊಳ್ಳುತ್ತಾರೆ?" ಎಂದರು. ಮೆಲ್ಲಗೂ ಹೇಳಲಿಲ್ಲ. ನನ್ನ ಹಿಂದೆಯೇ ಕೋಲೂರಿಕೊಂಡು ಬಂದು ನಿಂತಿದ್ದ ಮುತ್ಯಾನಿಗೆ ಕಿವಿ ಮಂದವಾಗಿತ್ತು ನಿಜ, ಆದರೆ ಆ ಮಾತು ಕೇಳದಷ್ಟು ಮಂದವಾಗಿರಲಿಲ್ಲ. ಅಲ್ಲಿಯೇ ನಿಂತು, ನಡುಗುವ ಕೈಯಿಂದ ಒಂದೊಂದಾಗಿ ಪದಕಗಳನ್ನು ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿ ಕಿಸೆಗೆ ಹಾಕಿಕೊಂಡರು. ಆಮೇಲೆ ಅವರು ಆ ಪದಕಗಳನ್ನು ಮುಟ್ಟಲಿಲ್ಲ, ಸಮಾರಂಭಗಳಿಗೂ ಹೋಗಲಿಲ್ಲ.

ಈಗ ಕಲ್ಲಿನ ವಿಷಯದಲ್ಲೂ ಅದೇ ಮಾತು ಬೇರೆ ಬಾಯಿಂದ ಬರುತ್ತಿದೆ. "ಹುತಾತ್ಮರಾಗಿದ್ದರೆ ಸುಲಭವಿತ್ತು" ಎಂದು ಆ ಕಚೇರಿಯವರು ಮೊದಲು ಹೇಳಿದರು. 92 ವರ್ಷ ಬದುಕಿದ್ದು ಅವರ ಅಪರಾಧವೇ ಎಂದು ಕೇಳಿದ ಮೇಲೆ, "ಹಾಗಾದರೆ ಬರೀ ಮಾಜಿ ಸೈನಿಕರು ಎಂದು ಕೆತ್ತಿಸಿ, ಸೆರೆಯಾಗಿದ್ದ ವಿಷಯ ಬೇಡ, ಅರ್ಜಿ ತಿದ್ದಿ ಕೊಡಿ" ಎಂದು ಸಲಹೆ ಕೊಟ್ಟರು. ನಾವು ತಿದ್ದುವುದಿಲ್ಲ. ಸೆರೆಯಲ್ಲಿ ಕಳೆದ ಆ ಏಳು ತಿಂಗಳು ದೇಶಕ್ಕಾಗಿ ಸವೆಸಿದ ತಿಂಗಳುಗಳೇ; ಅವರ ಸೇವೆಯಿಂದ ಅವನ್ನು ಕತ್ತರಿಸಿ ತೆಗೆಯಲು ನಾವು ಯಾರು?

ಅಂದು ಪಟ್ಟಿ ಹಿಡಿದು ನಿಂತಿದ್ದವರಿಗೆ ಗೊತ್ತಿರದ ಸಂಗತಿ ತಮಗೆ ಗೊತ್ತಿದ್ದೀತು. 1962ರ ಯುದ್ಧದಲ್ಲಿ ಮೂವರಿಗೆ ಪರಮವೀರ ಚಕ್ರ ಸಂದಿತು; ಅವರಲ್ಲಿ ಇಬ್ಬರು ಸೆರೆಯಾದವರು. ಸುಬೇದಾರ್ ಜೋಗಿಂದರ್ ಸಿಂಗ್ ಗಾಯಗೊಂಡು ಸೆರೆಸಿಕ್ಕಿ ಚೀನೀಯರ ವಶದಲ್ಲೇ ಪ್ರಾಣಬಿಟ್ಟರು. ಮೇಜರ್ ಧನ್ ಸಿಂಗ್ ಥಾಪಾ ಸತ್ತರೆಂದೇ ಎಲ್ಲರೂ ತಿಳಿದಿದ್ದರು, ಆದರೆ ಅವರು ಸೆರೆಯಿಂದ ಜೀವಂತ ಮರಳಿ 2005ರವರೆಗೆ ಬಾಳಿದರು. ಅಷ್ಟು ದೂರ ಏಕೆ, ನಮ್ಮದೇ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಮಗ, ವಾಯುಪಡೆಯ ಪೈಲಟ್ ಕೆ.ಸಿ. ಕಾರ್ಯಪ್ಪ 1965ರಲ್ಲಿ ವಿಮಾನ ಉರುಳಿ ಪಾಕಿಸ್ತಾನದ ಸೆರೆಯಾಗಿದ್ದರು. ಮರಳಿ ಬಂದು ಏರ್ ಮಾರ್ಷಲ್ ಹುದ್ದೆಗೇರಿದರು. ದೇಶ ಇವರನ್ನೆಲ್ಲ ತಲೆಯ ಮೇಲಿಟ್ಟುಕೊಂಡಿದೆ. 1962ರಲ್ಲಿ ಸೆರೆಯಾದ ಸುಮಾರು 3,900 ಮಂದಿಯಲ್ಲಿ ದೊಡ್ಡ ಹುದ್ದೆಯೂ ದೊಡ್ಡ ಮನೆತನವೂ ಇಲ್ಲದ ಒಬ್ಬ ಲೈನ್‌ಮನ್‌ಗೆ ತನ್ನ ಊರ ಶಾಲೆಯ ಅಂಗಳದಲ್ಲಿ ಮೂರಡಿ ಜಾಗ ಸಿಗಬಾರದೆ?

ನಮಗೆ ಅನುದಾನ ಬೇಡ, ಉದ್ಘಾಟನೆಯ ಖರ್ಚೂ ಬೇಡ. ಶಹಾಬಾದಿನ ಫರ್ಸಿ ಕಲ್ಲನ್ನು ನಾವೇ ತರುತ್ತೇವೆ, ಕೆತ್ತುವವರ ಕೂಲಿಯನ್ನು ಊರವರು ಚಂದಾ ಎತ್ತಿ ಕೊಡುತ್ತಾರೆ. ಒಪ್ಪಿಗೆಯ ಒಂದು ಹಾಳೆ ಮಾತ್ರ ಕೊಡಿಸಿ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವದ ದಿನ ಈ ನೆಲದ ವೀರರ ಬಗ್ಗೆ ಭಾಷಣಗಳಾಗುತ್ತವೆ. ಆ ವೀರರಲ್ಲಿ ಒಬ್ಬರ ಹೆಸರು ತಮ್ಮದೇ ಕ್ಷೇತ್ರದ ಕಡತದಲ್ಲಿ ಧೂಳು ತಿನ್ನುತ್ತಿದೆ ಎಂಬುದನ್ನು ದಯವಿಟ್ಟು ಮರೆಯಬೇಡಿ.

ಕಲ್ಲಿನ ಮೇಲೆ ಅವರ ಹೆಸರು, ಹುದ್ದೆ, ನಾಮ್ಕಾ ಚು, 1962, ಮತ್ತು ಚೀನಾದ ಸೆರೆಯಲ್ಲಿ ಏಳು ತಿಂಗಳು ಇದ್ದರು ಎಂಬ ಸಾಲು ಇರಬೇಕು. ಆ ಸಾಲು ಇರಲೇಬೇಕು. ಬರುವ ಅಕ್ಟೋಬರ್ 20ರಂದು ಶಾಲೆಯ ಮಕ್ಕಳ ಎದುರಿನಲ್ಲಿ ಕಲ್ಲು ನಿಲ್ಲಿಸಬೇಕೆಂದು ಊರು ನಿರ್ಧರಿಸಿದೆ. ಅದಕ್ಕೆ ಮೊದಲು ಒಪ್ಪಿಗೆಪತ್ರ ಕೊಡಿಸಿ. ಕೊಡಲಾಗದು ಎನ್ನುವುದಾದರೆ, ಯಾವ ನಿಯಮದ ಪ್ರಕಾರ ಕೊಡಲಾಗದು ಎಂಬುದನ್ನು ಬಾಯಿಮಾತಿನಲ್ಲಲ್ಲ, ಸಹಿ ಮತ್ತು ಮೊಹರಿನೊಂದಿಗೆ ಲಿಖಿತವಾಗಿ ಕೊಡಿಸಿ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಅವರ ಮೊಮ್ಮಗಳು, ತಮ್ಮ ಕ್ಷೇತ್ರದ ಮತದಾರಳು
ಕಲಬುರಗಿ ಜಿಲ್ಲೆ