ಹೊಗೆಯ ಕಪ್ಪನ್ನಷ್ಟೇ ಅಳೆದರೆ ಸಾಲದು

ಮಾನ್ಯ ಸಂಪಾದಕರೇ,

ಬೇಕರಿಗಳ ಸೌದೆ, ಇದ್ದಿಲಿನ ಒಲೆಗಳನ್ನು ಆರು ತಿಂಗಳೊಳಗೆ ಬದಲಿಸಬೇಕೆಂದು ಮುಂಬಯಿ ಹೈಕೋರ್ಟು 2025ರ ಜನವರಿಯಲ್ಲಿ ಆದೇಶಿಸಿದಾಗ, ಅದರ ಬೆನ್ನಲ್ಲೇ ತಂದೂರಿ ಭಟ್ಟಿಯ ಹೋಟೆಲುಗಳಿಗೂ ಪಾಲಿಕೆಯ ನೋಟಿಸು ಬಂದಾಗ, ನಮ್ಮ ಹೋಟೆಲಿನವರಲ್ಲಿ ಗೊಣಗದವರು ಕಡಿಮೆ. ನಾನು ಗೊಣಗಲಿಲ್ಲ, ನನ್ನದು ಇಡ್ಲಿ-ವಡೆಯ ಹೋಟೆಲು, ತಂದೂರಿನ ಗೊಡವೆ ಇಲ್ಲ ಎಂಬುದೂ ಅದಕ್ಕೆ ಕಾರಣವಿರಬಹುದು. ನಗರದ ಗಾಳಿ ಮಾಲಿನ್ಯದ ಅದೇ ಪ್ರಕರಣದಲ್ಲಿ ಪೆಟ್ರೋಲ್, ಡೀಸೆಲ್ ವಾಹನಗಳನ್ನು ಹಂತಹಂತವಾಗಿ ಕೈಬಿಡಲು ಸಾಧ್ಯವೇ ಎಂಬುದನ್ನು ಪರಿಶೀಲಿಸುವಂತೆ ನ್ಯಾಯಾಲಯ ಹೇಳಿತು, ರಾಜ್ಯ ಸರಕಾರ ಸಮಿತಿಯನ್ನೂ ನೇಮಿಸಿತು. ಆದರೆ ಈಗಾಗಲೇ ರಸ್ತೆಯಲ್ಲಿ ಓಡುತ್ತಿರುವ ವಾಹನವನ್ನು ನಾವು ಹೇಗೆ ಪರೀಕ್ಷಿಸುತ್ತಿದ್ದೇವೆ ಎಂಬುದರ ಬಗ್ಗೆ ಅಷ್ಟು ಮಾತು ಕೇಳಿಬರುತ್ತಿಲ್ಲ.

ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ತರಕಾರಿ ತರಲು ನನ್ನ ಬಳಿ ಒಂದು ಡೀಸೆಲ್ ಟೆಂಪೋ ಇದೆ, ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡದ್ದು. ಅದರ ಪಿಯುಸಿ, ಅಂದರೆ ಹೊಗೆ ತಪಾಸಣೆ, ಮಾಡಿಸಲು ಈ ಬಾರಿ ಡ್ರೈವರನ ಜೊತೆ ನಾನೇ ಹೋಗಿದ್ದೆ. ಸೈಲೆನ್ಸರಿನೊಳಗೆ ಇರಬೇಕಾದ ನಳಿಗೆಯನ್ನು ಬಂಪರಿನ ಮೇಲೆ ಮಲಗಿಸಿ, ನಂಬರ್ ಪ್ಲೇಟಿನ ಫೋಟೋ ಹೊಡೆದುಕೊಂಡ ಅಲ್ಲಿನ ಹುಡುಗ, ‘ಆಯ್ತು’ ಎಂದ. ನಾನು ಹಠ ಹಿಡಿದ ಮೇಲೆ ನಳಿಗೆಯನ್ನು ಒಳಗಿಟ್ಟು, ಡ್ರೈವರನಿಂದ ನಾಲ್ಕು ಸಲ ಆಕ್ಸಿಲರೇಟರ್ ತುಳಿಸಿ, ಸರಿಯಾಗಿಯೇ ಪರೀಕ್ಷಿಸಿದ. ಆಗಲೂ ಪಾಸಾಯಿತು. ಮೊದಲನೆಯದು ಬರೀ ಕಳ್ಳಾಟ, ಅದನ್ನು ದಂಡ ಹಾಕಿ ನಿಲ್ಲಿಸಬಹುದು. ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯ ಪಾಸು.

ಏಕೆಂದರೆ ಅದಕ್ಕೂ ಮುಂಚೆ ಟೆಂಪೋದ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿಕೊಂಡಿತ್ತು. ಆಗ ಮೆಕ್ಯಾನಿಕ್ ಕೊಟ್ಟ ಸಲಹೆ: ‘ಅದನ್ನು ಕತ್ತರಿಸಿ ತೆಗೆಸಿಬಿಡಿ ಅಣ್ಣಾ, ಪಿಯುಸಿಯಲ್ಲಿ ಗೊತ್ತೇ ಆಗುವುದಿಲ್ಲ.’ ಅವನು ಹೇಳಿದ್ದು ಸುಳ್ಳಲ್ಲ. ಡೀಸೆಲ್ ವಾಹನದ ಪಿಯುಸಿ ನೋಡುವುದು ಹೊಗೆ ಎಷ್ಟು ಕಪ್ಪಾಗಿದೆ ಎಂಬುದನ್ನು ಮಾತ್ರ. ಶ್ವಾಸಕೋಶದ ತಳಕ್ಕಿಳಿದು ರಕ್ತಕ್ಕೂ ಸೇರಬಲ್ಲ ಅತಿಸೂಕ್ಷ್ಮ ಕಣಗಳು ಆ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ, ನೈಟ್ರೋಜನ್ ಆಕ್ಸೈಡುಗಳನ್ನು ಅದು ಅಳೆಯುವುದೂ ಇಲ್ಲ.

2020ರ ಏಪ್ರಿಲ್ 1ರಿಂದ ದೇಶವಿಡೀ ಬಿಎಸ್-6 ಜಾರಿಯಾದದ್ದು ದೊಡ್ಡ ಹೆಜ್ಜೆಯೇ. ಬಿಎಸ್-5 ಅನ್ನು ಬಿಟ್ಟು ನೇರವಾಗಿ ಮುಂದಕ್ಕೆ ಹಾರಿದೆವು, ಇಂಧನದ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷ ಪಾಲಿನಲ್ಲಿ 50) 10ಕ್ಕೆ ಇಳಿಯಿತು, ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಉಗುಳಬಹುದಾದ ಮಸಿಯ ಮಿತಿ 25 ಮಿಲಿಗ್ರಾಮಿನಿಂದ 4.5ಕ್ಕೆ ಬಂತು. ಮಸಿಯ ಈ ಇಳಿಕೆ ನಿಂತಿರುವುದು ಆ ಫಿಲ್ಟರಿನ ಮೇಲೆ. ಹಿಡಿದ ಮಸಿಯನ್ನು ಸುಟ್ಟುಕೊಳ್ಳಲು ಅದಕ್ಕೆ ಸಾಕಷ್ಟು ಕಾವು ಬೇಕು. ಚೆಂಬೂರಿನಿಂದ ವಾಶಿಗೆ ಹೋಗಿ, ತೆವಳುತ್ತಾ ವಾಪಸು ಬರುವ ಗಾಡಿಗೆ ಆ ಕಾವು ಸಿಗುವುದು ಕಷ್ಟ. ಈಗ ನಾವು ವಾರಕ್ಕೊಮ್ಮೆ ಪನ್ವೇಲ್ ತನಕ ಹೆದ್ದಾರಿಯಲ್ಲಿ ಓಡಿಸಿಕೊಂಡು ಬರುತ್ತೇವೆ. ಅದರ ಡೀಸೆಲ್ ಖರ್ಚು ನನ್ನದೇ. ಕತ್ತರಿಸಿ ಬಿಸಾಡಿದವನಿಗೆ ಆ ಖರ್ಚೂ ಇಲ್ಲ, ಅವನ ಕೈಯಲ್ಲೂ ನನ್ನಲ್ಲಿರುವಂಥದೇ ಒಂದು ವರ್ಷದ ಪ್ರಮಾಣಪತ್ರವಿರುತ್ತದೆ.

ವಿದ್ಯುತ್ ವಾಹನ ಬಂದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎನ್ನುವವರಿದ್ದಾರೆ. ನಮ್ಮ ನಗರದ ಬಸ್ ಸಂಸ್ಥೆ ಬೆಸ್ಟ್‌ನ ಎಲೆಕ್ಟ್ರಿಕ್ ಬಸ್ಸು ನಿಲ್ದಾಣದಲ್ಲಿ ಹೊಗೆ ಕಾರದೆ ನಿಲ್ಲುವುದು ನಿಜಕ್ಕೂ ನೆಮ್ಮದಿಯ ಸಂಗತಿ, ಅದರ ವಿದ್ಯುತ್ತಿನಲ್ಲಿ ಒಂದು ಪಾಲು ನಮ್ಮದೇ ಮಗ್ಗುಲಿನ ಟ್ರಾಂಬೆಯಲ್ಲಿ ಕಲ್ಲಿದ್ದಲು ಸುಟ್ಟು ಬರುವುದಾದರೂ. ಆದರೆ ಇಂಗಾಲದ ಲೆಕ್ಕ ಬೇರೆ, ಉಸಿರಿನ ಲೆಕ್ಕ ಬೇರೆ. ಇಂಗಾಲದ ಡೈಆಕ್ಸೈಡನ್ನು ಎಲ್ಲಿ ಬಿಟ್ಟರೂ ಭೂಮಿಗೆ ಒಂದೇ. ಮಸಿ ಮಾತ್ರ ಬಿಟ್ಟ ಕೂಡುರಸ್ತೆಯಲ್ಲೇ ನಿಂತವರ ಎದೆಗೆ ಇಳಿಯುತ್ತದೆ. ಇಂಗಾಲ ಕಡಿಮೆ ಎಂಬ ಕಾರಣಕ್ಕೆ ಯುರೋಪಿನ ಸರಕಾರಗಳು ತೆರಿಗೆ ರಿಯಾಯಿತಿ ಕೊಟ್ಟು ಡೀಸೆಲ್ ಕಾರುಗಳನ್ನು ಬೆಳೆಸಿದವು. ಪರೀಕ್ಷಾಗಾರದಲ್ಲಿ ಸಾಧುವಾಗಿದ್ದ ಆ ಕಾರುಗಳು ರಸ್ತೆಯಲ್ಲಿ ಎಷ್ಟು ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವೆಂಬುದು 2015ರ ಫೋಕ್ಸ್‌ವ್ಯಾಗನ್ ಹಗರಣದಲ್ಲಿ ಬಯಲಾಯಿತು. ಡೀಸೆಲ್ ಹೊಗೆಯಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿತ್ತು.

ಈ ನಗರದ ಗಾಳಿ ಕೆಡಲು ವಾಹನವೊಂದೇ ಕಾರಣವಲ್ಲ. ಕಟ್ಟಡ ಕಾಮಗಾರಿಯ ಧೂಳೂ ಸಾಕಷ್ಟಿದೆ. ಹಾಗಿದ್ದರೂ ಬೆಳಿಗ್ಗೆ ಒರೆಸಿದ ನನ್ನ ಗಲ್ಲಾದ ಗಾಜಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಕೂತಿರುವುದು ಬರಿಯ ಮಣ್ಣಲ್ಲ. ಬೆರಳಾಡಿಸಿದರೆ ಕಪ್ಪು, ಉಜ್ಜಿದರೆ ಜಿಡ್ಡು.

ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿಗಳು 2022-23ರಿಂದ ಡೀಸೆಲ್ ವಾಹನಗಳ ನಿಯತ ತಪಾಸಣೆಯಲ್ಲಿ ಕಣಗಳನ್ನೇ ಎಣಿಸುವ ಉಪಕರಣವನ್ನು ಬಳಸತೊಡಗಿವೆ. ಫಿಲ್ಟರ್ ಕಿತ್ತ ಗಾಡಿ ಅದರ ಮುಂದೆ ಸಿಕ್ಕಿಬೀಳುತ್ತದೆ. ನಮ್ಮ ಸಾರಿಗೆ ಇಲಾಖೆಯು ಕೇಂದ್ರದ ಒಪ್ಪಿಗೆ ಪಡೆದು, ವಾಶಿ, ಮುಲುಂಡ್, ದಹಿಸರ್ ಪ್ರವೇಶ ನಾಕಾಗಳ ಮೂಲಕ ದಿನವೂ ನಗರದೊಳಗೆ ಬರುವ ಡೀಸೆಲ್ ಸರಕು ವಾಹನಗಳಿಂದಲೇ ಈ ಪರೀಕ್ಷೆಯನ್ನು ಆರಂಭಿಸಬೇಕು, ಫಿಲ್ಟರ್ ಕತ್ತರಿಸಿಕೊಡುವ ಗ್ಯಾರೇಜುಗಳ ಮೇಲೂ ಕ್ರಮ ಜರುಗಿಸಬೇಕು. ಮೊದಲ ದಿನವೇ ನನ್ನ ಟೆಂಪೋವನ್ನು ಸಾಲಿನಲ್ಲಿ ನಿಲ್ಲಿಸಲು ನಾನು ಸಿದ್ಧ.

ಇತಿ,
ಒಬ್ಬ ಹೋಟೆಲ್ ಉದ್ಯಮಿ,
ಚೆಂಬೂರು, ಮುಂಬಯಿ