ಖಾಲಿ ಕುರ್ಚಿ ಮುಂದೆ ಕೂತು ಮಾತಾಡು ಪುಟ್ಟಾ

ಪುಟ್ಟಾ,

ಅತ್ತೆಯ ಆಶೀರ್ವಾದಗಳು. ನಿನ್ನ ಮೆಸೇಜ್ ನೋಡ್ದೆ. ಥೆರಪಿಸ್ಟ್ ಎದುರಿಗೊಂದು ಖಾಲಿ ಕುರ್ಚಿ ಇಟ್ಟು, ಅಲ್ಲಿ ನಿಮ್ಮಪ್ಪ ಕೂತಿದಾರೆ ಅಂದ್ಕೊಂಡು ಮಾತಾಡಿ ಅಂದ್ರು, ನಂಗೆ ನಾಟಕ ಅನ್ನಿಸ್ತು, ಎದ್ದು ಬಂದೆ, ಇನ್ನು ಹೋಗಲ್ಲ ಅಂತ ಬರ್ದಿದೀಯ. ಫೋನಲ್ಲಿ ಹೇಳಿದ್ರೆ ಸರಿ ಅತ್ತೆ ಸರಿ ಅತ್ತೆ ಅಂದ್ಕೊಂಡು ಇಟ್ಬಿಡ್ತೀಯ, ಅದಕ್ಕೆ ಟೈಪ್ ಮಾಡ್ತಿದೀನಿ. ಉದ್ದ ಆಗತ್ತೆ, ಮೆಟ್ರೋಲಿ ನಿಂತ್ಕೊಂಡು ಓದ್ಬೇಡ, ರೂಮಿಗೆ ಹೋಗಿ ಕೂತು ಓದು.

ಇದು ನಾಟಕ ಅಲ್ಲ ಕಣೋ. ಇದರ ಹೆಸರು ಗೆಸ್ಟಾಲ್ಟ್ ಥೆರಪಿ, ಕಾಲೇಜಲ್ಲಿ ನಾನು ಪಾಠ ಮಾಡ್ತಿದ್ದ ವಿಷಯ. 1893ರಲ್ಲಿ ಬರ್ಲಿನ್ನಲ್ಲಿ ಹುಟ್ಟಿದ ಫ್ರಿಟ್ಸ್ ಪರ್ಲ್ಸ್ ಅನ್ನೋ ಯಹೂದಿ ಡಾಕ್ಟರು, ಅವರ ಹೆಂಡತಿ ಲಾರಾ, ಇಬ್ರೂ ಮೊದಲು ಫ್ರಾಯ್ಡ್ ದಾರೀಲಿ ಕಲ್ತವರು. 1933ರಲ್ಲಿ ಹಿಟ್ಲರ್ ಬಂದ್ಮೇಲೆ ಜರ್ಮನಿ ಬಿಟ್ಟು ಹಾಲೆಂಡ್, ಅಲ್ಲಿಂದ ದಕ್ಷಿಣ ಆಫ್ರಿಕಾ, ಕೊನೆಗೆ ನ್ಯೂಯಾರ್ಕ್. ಅಲ್ಲಿ ಪಾಲ್ ಗುಡ್‌ಮನ್, ರಾಲ್ಫ್ ಹೆಫರ್ಲಿನ್ ಜೊತೆ ಸೇರಿ ಫ್ರಿಟ್ಸ್ 1951ರಲ್ಲಿ ಪುಸ್ತಕ ತಂದ್ರು, ಈ ಥೆರಪಿಗೆ ಹೆಸರು ಬಂದಿದ್ದು ಅದ್ರಿಂದ. ಚರಿತ್ರೆ ಇಷ್ಟು ಸಾಕು, ನಿಂಗೆ ಬೇಕಾಗಿರೋದು ಬೇರೆ.

ಹೊಟ್ಟೆ ಹಸ್ಕೊಂಡು ಗಾಂಧಿ ಬಜಾರಲ್ಲಿ ನಡೆದ್ರೆ ಹೋಟೆಲ್ ಬೋರ್ಡುಗಳೇ ಕಣ್ಣಿಗೆ ಬೀಳತ್ವೆ. ಅದೇ ಬೀದೀಗೆ ಗೌರಿ ಹಬ್ಬದ ಹಿಂದಿನ ದಿನ ಹೋದ್ರೆ ಹೂವಿನವರು, ಬಾಗಿನದ ಮೊರ ಮಾರೋರು, ಇಷ್ಟೇ ಕಾಣೋದು. ಬೀದಿ ಬದಲಾಗಿಲ್ಲ, ಆ ಹೊತ್ತಿಗೆ ನಿಂಗೆ ಏನು ಬೇಕೋ ಅದು ಮುಂದೆ ಬಂತು, ಮಿಕ್ಕಿದ್ದೆಲ್ಲ ಹಿಂದೆ ಸರೀತು. ಇದನ್ನೇ ಫಿಗರ್ ಮತ್ತು ಗ್ರೌಂಡ್ ಅಂತಾರೆ. ಊಟ ಆದ್ಮೇಲೆ ಹಸಿವು ತಾನಾಗೇ ಹಿಂದೆ ಹೋಗಿ ಮುಂದಿನ ಕೆಲಸಕ್ಕೆ ಜಾಗ ಬಿಡತ್ತೆ. ಆದ್ರೆ ಕೆಲವು ಅರ್ಧಕ್ಕೇ ನಿಂತು ಹೋಗತ್ವೆ ನೋಡು, ಆಡಬೇಕಾಗಿದ್ದ ಮಾತು, ಬರಬೇಕಾಗಿದ್ದ ಅಳು, ಅವು ಹಿಂದೆ ಹೋಗೋದೇ ಇಲ್ಲ, ಯಾವುದರ ಮಧ್ಯ ಬೇಕಾದ್ರೂ ಮುಂದೆ ಬಂದು ನಿಲ್ಲತ್ವೆ. ಬ್ಲೂಮಾ ಜೈಗಾರ್ನಿಕ್ ಅನ್ನೋ ಮನೋವಿಜ್ಞಾನಿ 1927ರಲ್ಲೇ ಪ್ರಯೋಗ ಮಾಡಿ, ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಲ್ಲಿಸಿದ ಕೆಲಸವೇ ಜನಕ್ಕೆ ಜಾಸ್ತಿ ನೆನಪಿರತ್ತೆ ಅಂತ ಬರೆದ್ರು. ಪರ್ಲ್ಸ್ ಅವರು ಇಂಥ ಉಳಿದು ಹೋದ ಬಾಕಿಗೆ ಅನ್‌ಫಿನಿಶ್ಡ್ ಬಿಸಿನೆಸ್ ಅಂದ್ರು.

ನಿನ್ನ ಬಾಕಿ ಏನು ಅಂತ ನಂಗೆ ಗೊತ್ತು. ನೀನು ಕೆಲಸ ಬಿಟ್ಟು ಸ್ಟಾರ್ಟಪ್ಪಿಗೆ ಹೋಗಿದ್ದು ನಿಮ್ಮಪ್ಪಂಗೆ ಇಷ್ಟ ಇರ್ಲಿಲ್ಲ, ಇಬ್ರೂ ಮಾತು ಬಿಟ್ರಿ, ಮತ್ತೆ ಮಾತಾಡೋ ಮೊದ್ಲೇ ಅವನು ಹೋಗ್ಬಿಟ್ಟ. ವೈಕುಂಠ ಸಮಾರಾಧನೆ ದಿನ ಬಂದವರಿಗೆಲ್ಲ ನೀನೇ ಓಡಾಡ್ಕೊಂಡು ಬಡಿಸ್ತಿದ್ದೆ, ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಎಂಥ ಗಟ್ಟಿ ಹುಡುಗ ಅಂತ ಎಲ್ರೂ ಹೊಗಳಿದ್ರು. ನಂಗೆ ಸಂಕಟ ಆಗ್ತಿತ್ತು.

ನಾನ್ಯಾಕೆ ಹಿಂಗೆ, ನಾನ್ಯಾಕೆ ಅಳ್ಳಿಲ್ಲ ಅಂತ ಪದೇ ಪದೇ ಕೇಳ್ತೀಯಲ್ಲ, ಈ ಥೆರಪೀಲಿ ಆ ‘ಯಾಕೆ’ಗೆ ಅಷ್ಟು ಬೆಲೆ ಕೊಡಲ್ಲ. ಯಾಕೆ ಅಂತ ಕೇಳಿದ್ರೆ ಬುದ್ಧಿ ಒಂದು ಕಾರಣ ಹೊಂದಿಸಿ ಕೊಟ್ಟು ಸುಮ್ನಾಗತ್ತೆ. ಈಗ ಏನಾಗ್ತಿದೆ, ಹೆಂಗಾಗ್ತಿದೆ ಅಂತ ಕೇಳ್ತಾರೆ. ಅಪ್ಪ ಅನ್ನೋ ಮಾತು ಬಂದ ತಕ್ಷಣ ನೀನು ಹಲ್ಲು ಕಚ್ತೀಯ, ನಾನೇ ಎಷ್ಟೋ ಸಲ ನೋಡಿದೀನಿ, ಬೆಳಗ್ಗೆ ಎದ್ದಾಗ ದವಡೆ ನೋವು ಅಂತ ಡೆಂಟಿಸ್ಟ್ ಹತ್ರಾನೂ ಹೋಗಿ ಬಂದೆ. ಅಪ್ಪನ ಮೇಲೆ ತೋರಿಸಬೇಕಾದ ಸಿಟ್ಟನ್ನ ನಿನ್ನ ಮೈಮೇಲೇ ತಿರುಗಿಸ್ಕೊಂಡಿದೀಯ ಅಂತ ನಂಗೆ ಅನ್ಸತ್ತೆ, ರೆಟ್ರೊಫ್ಲೆಕ್ಷನ್ ಅನ್ನೋದು ಇದನ್ನೇ. ಆ ದವಡೆ ನಿಧಾನಕ್ಕೆ ಸಡಿಲ ಬಿಟ್ಟು, ಅಲ್ಲಿ ಏನು ಮಾತು ತಡೆದು ನಿಂತಿದೆ ಅಂತ ನೋಡೋದು, ಈ ಥೆರಪೀಲಿ ಅರಿವು ಅಂತಾರಲ್ಲ, ಅದು ಇಷ್ಟೇ, ಧ್ಯಾನ ಗೀನ ಏನೂ ಅಲ್ಲ.

ಇನ್ನೊಂದು, ‘ಗಂಡ್ಮಕ್ಕಳು ಅಳಬಾರ್ದು’ ಅನ್ನೋದು. ಅದು ನಿನ್ನ ಮಾತಲ್ಲ, ನಮ್ಮ ಮನೆ ದೊಡ್ಡವರು ನಿನ್ನ ಬಾಯಿಗೆ ಹಾಕಿದ್ದು. ಫ್ರಿಟ್ಸ್ ಇದನ್ನ ಊಟಕ್ಕೆ ಹೋಲಿಸಿದ್ರು, 1942ರಲ್ಲಿ ಡರ್ಬನ್ನಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲಿ ಇದೆ, ಅದರಲ್ಲಿ ಲಾರಾ ಅವರ ಪಾಲೂ ಇತ್ತು. ಮಗು ಹಲ್ಲು ಬಂದ್ಮೇಲೆ ಕಚ್ಚಿ, ಅಗಿದು, ರುಚಿ ನೋಡಿ, ಬೇಡದ್ದನ್ನ ಉಗೀಬೇಕು, ಅಗೀದೆ ನುಂಗಿದ್ದು ಹೊಟ್ಟೇಲಿ ಹಂಗೇ ಕೂರತ್ತೆ. ದೊಡ್ಡವರ ಮಾತೂ ಹಂಗೇ, ಅದಕ್ಕೆ ಇಂಟ್ರೊಜೆಕ್ಷನ್ ಅಂತಾರೆ. ನಾನು ಈಗ ಬರೀತಿರೋದನ್ನೂ ನೀನು ಅಗಿದೇ ನೋಡ್ಬೇಕು, ಅತ್ತೆ ಹೇಳಿದ್ರು ಅಂತ ನುಂಗ್ಬೇಡ.

ಆಫೀಸಲ್ಲಿ ನಿಮ್ಮ ಮ್ಯಾನೇಜರ್ ಏನು ಹೇಳಿದ್ರೂ ನಿನ್ನ ನಿರ್ಧಾರಾನ ತಪ್ಪು ಅಂದಂಗೆ ಕೇಳ್ಸತ್ತೆ ಅಂದಿದ್ದೆ. ಅವರು ನಿಜವಾಗ್ಲೂ ಹಂಗಂದ್ರಾ, ಅಥವಾ ನಿನ್ನೊಳಗೆ ಇರೋ ಅನುಮಾನಾನೇ ಅವರ ಬಾಯಲ್ಲಿ ಕೇಳಿಸ್ತಿದ್ಯಾ? ಮುಂದಿನ ಸಲ ನೋಡು. ಅಪ್ಪನ ಸುದ್ದಿ ಎತ್ತಿದ್ರೆ ನೀನು ಆರ್‌ಸಿಬಿ ಮ್ಯಾಚಿನ ಮಾತಿಗೆ ಹಾರ್ಬಿಡ್ತೀಯ, ಅದನ್ನೂ ಗಮನಿಸು, ನಿಲ್ಲಿಸ್ಬೇಡ, ಬರೀ ಗಮನಿಸು.

ಬರೀ ಗಮನಿಸು ಅಂದಿದ್ದಕ್ಕೆ ಕಾರಣ ಇದೆ. ಆರ್ನಾಲ್ಡ್ ಬೈಸರ್ ಅಂತ ಒಬ್ರು ಅಮೆರಿಕದ ಡಾಕ್ಟರು, ಟೆನ್ನಿಸ್ ಚಾಂಪಿಯನ್ ಆಗಿದ್ದವರು, ಇಪ್ಪತ್ತರ ಹರೆಯದಲ್ಲೇ ಪೋಲಿಯೋ ಬಂದು ಕೈಕಾಲು ಬಿದ್ದೋಯ್ತು, ಆಮೇಲೆ ಮನೋವೈದ್ಯರಾದ್ರು. 1970ರಲ್ಲಿ ಅವರು ಬರೆದ ಚಿಕ್ಕ ಲೇಖನದ ತಿರುಳು ಏನಂದ್ರೆ, ತಾನಲ್ಲದ್ದು ಆಗೋಕೆ ಒದ್ದಾಡೋವರೆಗೂ ಮನುಷ್ಯ ಬದಲಾಗಲ್ಲ, ಈಗ ಏನಾಗಿದಾನೋ ಅದನ್ನ ಪೂರ್ತಿ ಆದಾಗಲೇ ಬದಲಾಗೋದು. ಇಷ್ಟು ವರ್ಷದ ಪಾಠದಲ್ಲಿ ನಾನು ತುಂಬಾ ನಂಬಿರೋದು ಇದೊಂದನ್ನೇ. ಸ್ಟ್ರಾಂಗ್ ಆಗ್ಬೇಕು, ಮೂವ್ ಆನ್ ಆಗ್ಬೇಕು ಅಂತ ನಿನ್ನ ನೀನೇ ಬೈಕೋತಿದೀಯಲ್ಲ, ಒಳಗೆ ಒಬ್ಬ ಗದರಿಸ್ತಾನೆ, ಇನ್ನೊಬ್ಬ ನಾಳೆಯಿಂದ ಸರಿ ಹೋಗ್ತೀನಿ ಅಂತ ಜಾರ್ಕೋತಾನೆ, ಇಬ್ರೂ ಸೇರಿ ನಿನ್ನ ಇದ್ದಲ್ಲೇ ಇಟ್ಟಿದಾರೆ. ಅಪ್ಪನ ಮೇಲೆ ಸಿಟ್ಟಿದ್ರೆ ಸಿಟ್ಟಿರೋನೇ ಆಗು ಸ್ವಲ್ಪ ಹೊತ್ತು.

ಕುರ್ಚಿ ಅದಕ್ಕೇ ಇರೋದು. ‘ಅಪ್ಪ ಹಂಗೆ ಮಾಡಿದ್ರು’ ಅಂತ ಥೆರಪಿಸ್ಟ್‌ಗೆ ಕತೆ ಹೇಳೋದೇ ಬೇರೆ, ‘ಅಪ್ಪಾ, ನೀವು ಒಂದ್ಸಲ ಫೋನ್ ಮಾಡ್ಬಹುದಿತ್ತು’ ಅಂತ ಎದುರಿಗೆ ಅನ್ನೋದೇ ಬೇರೆ, ಎರಡನೇದು ಈಗ ನಡೆಯೋದು, ಅದಕ್ಕೆ ಗಂಟಲು ಕಟ್ಟತ್ತೆ. ಆಮೇಲೆ ನಿನ್ನನ್ನೇ ಆ ಕುರ್ಚಿಗೆ ಕೂರಿಸಿ ಅವನಾಗಿ ಉತ್ತರ ಕೊಡೋಕೆ ಹೇಳಬಹುದು. ಲೆಸ್ಲಿ ಗ್ರೀನ್‌ಬರ್ಗ್ ಅಂತ ಕೆನಡಾದವರು ಇದರ ಮೇಲೆ ತುಂಬಾ ಸಂಶೋಧನೆ ಮಾಡಿದಾರೆ, ಸಿಟ್ಟು ದುಃಖ ಎರಡೂ ಆಚೆ ಬಂದು, ನಂಗೆ ಏನು ಬೇಕಿತ್ತು ಅಂತ ಬಾಯಿಬಿಟ್ಟು ಹೇಳಿದ್ಮೇಲೆ ಎದುರಿಗಿರೋ ಮನುಷ್ಯ ಬೇರೆ ಥರ ಕಾಣೋಕೆ ಶುರುವಾಗ್ತಾನೆ ಅಂತ. ನನ್ನ ತಮ್ಮ ಹಠಮಾರಿ ಕಣೋ, ಆದ್ರೆ ಕಲ್ಲು ಹೃದಯದವನಲ್ಲ, ಅದು ನಿಂಗೆ ನೀನೇ ಕಾಣ್ಬೇಕು, ನಾನು ಹೇಳಿ ಪ್ರಯೋಜನ ಇಲ್ಲ.

ಒಂದು ಮಾತ್ರ ಎಚ್ಚರ. ಫ್ರಿಟ್ಸ್ ಕೊನೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಎಸಲೆನ್ ಅನ್ನೋ ಕೇಂದ್ರದಲ್ಲಿ ಜನರ ಗುಂಪಿನ ಮುಂದೆ ಒಬ್ಬೊಬ್ಬರನ್ನ ಕೂರಿಸಿ ಕೆಣಕಿ ಅಳಿಸ್ತಿದ್ರು, ಅದು ನಂಗೆ ಯಾವತ್ತೂ ಹಿಡಿಸ್ಲಿಲ್ಲ. ಲಾರಾ ಹೇಳ್ತಿದ್ದದ್ದು ಆಸರೆ ಮುಖ್ಯ ಅಂತ, ಆಸರೆ ಎಷ್ಟಿದ್ಯೋ ಅಷ್ಟೇ ಮುಂದೆ ಹೋಗೋದು. ನಾನು ಲಾರಾ ಕಡೆ. ರಾತ್ರಿಗಟ್ಟಲೆ ನಿದ್ದೆ ಬರದೇ ಇದ್ರೆ, ಬದುಕೋದೇ ಬೇಡ ಅನ್ನೋ ಯೋಚನೆ ಬಂದ್ರೆ ಕುರ್ಚಿಗೆ ಕಾಯ್ಬೇಡ, ಯಾವ ಹೊತ್ತಾದ್ರೂ ನಂಗೆ ಫೋನ್ ಮಾಡು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ, ಹೊಸೂರು ರೋಡಲ್ಲಿ ನಿಮ್ಹಾನ್ಸ್ ಇದೆ, ನಾನೇ ಜೊತೇಲಿ ಬರ್ತೀನಿ.

ಈ ಶನಿವಾರ ಸೆಷನ್ನಿಗೆ ಹೋಗು. ಕುರ್ಚಿ ನೋಡಿದ್ರೆ ನಾಚಿಕೆ ಆಗತ್ತೆ, ಸಿಟ್ಟು ಬರತ್ತೆ ಅಂತ ಅವರ ಮುಖಕ್ಕೇ ಹೇಳು, ಇವತ್ತು ಬೇಡ ಅಂತಾನೂ ಹೇಳು. ಒಳ್ಳೆ ಥೆರಪಿಸ್ಟ್ ಆಗಿದ್ರೆ ಬಲವಂತ ಮಾಡಲ್ಲ, ಆ ‘ಬೇಡ’ದಿಂದಲೇ ಶುರು ಮಾಡ್ತಾರೆ. ಬಲವಂತ ಮಾಡಿದ್ರೆ ಬೇರೆಯವರನ್ನ ಹುಡುಕೋಣ, ಫೀಸಿನ ಯೋಚನೆ ನಂಗೆ ಬಿಡು.

ನಿನ್ನ
ಅತ್ತೆ
ಬಸವನಗುಡಿ