ಲೆನಾ ನದಿಗೆ ಒಂದೇ ನೀಲಿ ಗೆರೆ ಸಾಲದು

ಮಾನ್ಯ ಸಂಪಾದಕರಿಗೆ,

ರಷ್ಯಾದ ಸೈಬೀರಿಯಾದ ನದಿಗಳಲ್ಲಿ ನೆರೆ ಬಂದಾಗ ಪತ್ರಿಕೆಗಳಲ್ಲಿ ಸಿಗುವುದು ‘ಹಿಮ ಕರಗಿ ಪ್ರವಾಹ’ ಎಂಬ ಒಂದು ಸಾಲು, ಪಕ್ಕದಲ್ಲಿ ಉಪನದಿಗಳೇ ಇಲ್ಲದ ಒಂದು ನಕ್ಷೆ. ಇಷ್ಟರಿಂದ ಶಾಲಾ ಮಕ್ಕಳಿಗೆ ಏನೂ ದಕ್ಕುವುದಿಲ್ಲ. ಹಿಮ ಕರಗಿದ ನೀರು ಗಂಗೆಗೂ ಬರುತ್ತದೆ. ಸೈಬೀರಿಯಾದ ಲೆನಾ ದಡದ ಊರುಗಳು ಮುಳುಗುವುದಕ್ಕೆ ಮುಖ್ಯ ಕಾರಣ ಆ ನದಿ ಹರಿಯುವ ದಿಕ್ಕು.

ಲೆನಾ ಹುಟ್ಟುವುದು ಬೈಕಲ್ ಸರೋವರದ ಪಶ್ಚಿಮದ ಬೆಟ್ಟಸಾಲಿನಲ್ಲಿ, ಸುಮಾರು 54 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸರೋವರ ಹತ್ತು ಕಿ.ಮೀ. ದೂರವೂ ಇಲ್ಲ. ಆದರೂ ಅದರ ನೀರು ಲೆನಾಕ್ಕೆ ಬಾರದೆ ಅಂಗಾರಾ ಮೂಲಕ ಯೆನಿಸೇ ನದಿಗೆ ಹೋಗುತ್ತದೆ. ಲೆನಾ ಸುಮಾರು 4,300 ಕಿ.ಮೀ. ಉತ್ತರಕ್ಕೆ ಹರಿದು, 72 ಡಿಗ್ರಿ ದಾಟಿ ಆರ್ಕ್ಟಿಕ್‌ನ ಲಾಪ್ಟೆವ್ ಸಮುದ್ರ ಸೇರುತ್ತದೆ. ಉಗಮದ ಕಡೆ, ಅಂದರೆ ದಕ್ಷಿಣದಲ್ಲಿ, ಏಪ್ರಿಲ್ ಕೊನೆ, ಮೇ ಮೊದಲಲ್ಲೇ ಮಂಜುಗಡ್ಡೆ ಒಡೆಯುತ್ತದೆ. ಯಾಕುಟ್ಸ್ಕ್ ನಗರದ ಬಳಿ ಒಡೆಯುವಾಗ ಮೇ ಅರ್ಧ ಕಳೆದಿರುತ್ತದೆ, ಮುಖಜಭೂಮಿಯಲ್ಲಿ ಜೂನ್ ಬಂದಿರುತ್ತದೆ. ಮೇಲಿನಿಂದ ತೇಲಿಬಂದ ಗಡ್ಡೆಗಳು ಕೆಳಗೆ ಇನ್ನೂ ಒಡೆಯದ ಗಡ್ಡೆಗೆ ಬಡಿದು, ತಿರುವುಗಳಲ್ಲೂ ನಡುಗಡ್ಡೆಗಳ ಬಳಿಯೂ ಒಂದರ ಮೇಲೊಂದು ಹತ್ತಿ ನದಿಗೇ ಕಟ್ಟೆ ಕಟ್ಟುತ್ತವೆ. ಮುಂದೆ ಹೋಗಲಾಗದ ನೀರು ಹಿಂದಕ್ಕೆ ಏರಿ ಊರಿಗೆ ನುಗ್ಗುತ್ತದೆ. 2001ರ ಮೇ ತಿಂಗಳಲ್ಲಿ ಲೆನ್ಸ್ಕ್ ಪಟ್ಟಣ ಮುಳುಗಿದ್ದು ಹೀಗೆ. ಆಗ ವಿಮಾನದಿಂದ ಬಾಂಬ್ ಹಾಕಿ ಗಡ್ಡೆ ಒಡೆಯಬೇಕಾಯಿತು. ಗಡ್ಡೆ ಕಟ್ಟಿಕೊಳ್ಳುವ ಜಾಗ ಮೊದಲೇ ಗೊತ್ತಿದ್ದರೆ, ಅದನ್ನು ಗರಗಸದಿಂದ ಸೀಳುವುದು, ಬಿಸಿಲು ಹೀರಲೆಂದು ಮೇಲೆ ಕಲ್ಲಿದ್ದಲ ಪುಡಿ ಚೆಲ್ಲುವುದು ಅಲ್ಲಿನ ರೂಢಿ.

ನೆಲದಡಿ ಮಣ್ಣು ವರ್ಷಪೂರ್ತಿ ಹೆಪ್ಪುಗಟ್ಟಿರುವುದರಿಂದ ಕರಗಿದ ನೀರು ಇಂಗುವುದಿಲ್ಲ. ಚಳಿಗಾಲದಲ್ಲಿ ಹರಿವು ತೀರಾ ಸೊರಗಿ, ಗಡ್ಡೆಯ ಮೇಲೆ ಲಾರಿಗಳೇ ಓಡುತ್ತವೆ. ವರ್ಷದ ನೀರಿನ ದೊಡ್ಡ ಪಾಲು ಮೇ ಕೊನೆಯಿಂದ ಕೆಲವೇ ವಾರಗಳಲ್ಲಿ ಇಳಿದುಬಿಡುತ್ತದೆ.

ಉಪನದಿಗಳನ್ನು ಬಿಟ್ಟರೆ ಈ ನದಿ ಅರ್ಥವಾಗುವುದೇ ಇಲ್ಲ. ಕಿರೆಂಗಾ, ವಿಟಿಮ್, ಒಲ್ಯೋಕ್ಮಾ, ಅಲ್ದಾನ್ ನಾಲ್ಕೂ ಬಲದಂಡೆಗೆ ಸೇರುತ್ತವೆ. ಎಡದಂಡೆಯ ದೊಡ್ಡ ಉಪನದಿ ವಿಲ್ಯೂಯ್. ಅದರ ಉದ್ದ ಸುಮಾರು 2,650 ಕಿ.ಮೀ., ಅಲ್ದಾನ್‌ನದು ಸುಮಾರು 2,270. ಆದರೂ ಹೆಚ್ಚು ನೀರು ತರುವುದು ಗಿಡ್ಡವಾದ ಅಲ್ದಾನ್. ಅದರ ನೀರು ಬರುವುದು ದಕ್ಷಿಣ, ಪೂರ್ವದ ಪರ್ವತಗಳಿಂದ. ವಿಲ್ಯೂಯ್ ಹರಿಯುವುದು ಮಳೆ ಕಡಿಮೆ ಬೀಳುವ ಪ್ರಸ್ಥಭೂಮಿಯಲ್ಲಿ. ಉದ್ದದ ಪಟ್ಟಿಯನ್ನಷ್ಟೇ ಬಾಯಿಪಾಠ ಮಾಡಿಸಿದರೆ ಈ ಅಂಶ ಕೈತಪ್ಪುತ್ತದೆ.

ನಕ್ಷೆ ಬರೆಸುವಾಗ ಎರಡು ಕಡೆ ಎಡವಟ್ಟಾಗುತ್ತದೆ. ಹೇಮಾವತಿಯ ಎಡದಂಡೆ, ಬಲದಂಡೆ ನಾಲೆಗಳ ಹೆಸರು ಕೇಳುತ್ತಲೇ ಬೆಳೆದ ಹಾಸನದ ಮಕ್ಕಳೂ ಹಾಳೆಯ ಎಡ-ಬಲವನ್ನೇ ನದಿಯದೆಂದು ತಿಳಿಯುತ್ತಾರೆ. ನೀರು ಹೋಗುವ ಕಡೆ ಮುಖ ಮಾಡಿ ನಿಂತು ಎಡ-ಬಲ ನೋಡಬೇಕು. ಲೆನಾ ಉತ್ತರಕ್ಕೆ ಹರಿಯುವುದರಿಂದ ಹಾಳೆಯ ಬಲವೇ ಅದರ ಬಲದಂಡೆ. ಹೇಮಾವತಿ ಒಟ್ಟಾರೆ ಪೂರ್ವಕ್ಕೆ ಸಾಗುವುದರಿಂದ ಉತ್ತರದಿಂದ ಇಳಿದು ಗೊರೂರಿನ ಬಳಿ ಸೇರುವ ಯಗಚಿ ಎಡದಂಡೆಯ ಉಪನದಿ, ಹಾಳೆಯಲ್ಲಿ ಅದು ಮೇಲ್ಭಾಗದಲ್ಲಿರುತ್ತದೆ. ಇನ್ನೊಂದು, ಅಳತೆ. ಗೋಡೆಗೆ ತೂಗುಹಾಕುವ ಮರ್ಕೇಟರ್ ನಕ್ಷೆಯಲ್ಲಿ (ಧ್ರುವದ ಕಡೆ ಹೋದಂತೆ ಎಲ್ಲವೂ ದೊಡ್ಡದಾಗಿ ಕಾಣುವ ನಕ್ಷೆ) ಸಮಭಾಜಕಕ್ಕೆ ಹೋಲಿಸಿದರೆ 60 ಡಿಗ್ರಿಯಲ್ಲಿ ದೂರ ಎರಡು ಪಟ್ಟು, 72 ಡಿಗ್ರಿಯಲ್ಲಿ ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗಿರುತ್ತದೆ. ಸ್ಕೇಲ್ ಇಟ್ಟರೆ ಲೆಕ್ಕ ಕೆಡುತ್ತದೆ. 30 ಸೆಂ.ಮೀ. ವ್ಯಾಸದ ಗೋಳದ ಮೇಲೆ ಒದ್ದೆ ದಾರವನ್ನು ನದಿಯ ಗೆರೆಗುಂಟ ಕೂರಿಸಿ ಅಳೆಯಬೇಕು. ಅಲ್ಲಿ 1 ಸೆಂ.ಮೀ. ಎಂದರೆ ಸುಮಾರು 425 ಕಿ.ಮೀ. ಲೆಕ್ಕದಂತೆ 10 ಸೆಂ.ಮೀ. ಬರಬೇಕು, ಬರುವುದು ಅದಕ್ಕಿಂತ ಕಡಿಮೆ. ಸಣ್ಣ ತಿರುವುಗಳನ್ನು ಗೋಳದಲ್ಲಿ ತೋರಿಸಲಾಗದು ಎಂಬುದನ್ನೂ ಆಗಲೇ ಹೇಳಿಕೊಡಬಹುದು.

ತಮ್ಮ ವಿದ್ಯಾರ್ಥಿ ಪುಟದಲ್ಲಿ ಇಂಥ ನದಿಯ ನಕ್ಷೆ ಹಾಕುವಾಗ ದಯವಿಟ್ಟು ಐದು ಉಪನದಿಗಳನ್ನೂ, ಹರಿವಿನ ದಿಕ್ಕಿನ ಬಾಣವನ್ನೂ, ಯಾವ ಜಾಗದಲ್ಲಿ ಯಾವ ತಿಂಗಳು ಗಡ್ಡೆ ಒಡೆಯುತ್ತದೆ ಎಂಬುದನ್ನೂ ಸೇರಿಸಿ. ಅಕ್ಷಾಂಶ ರೇಖೆಗಳನ್ನು ಮಾತ್ರ ಅಳಿಸಬೇಡಿ.

– ಭೂಗೋಳ ಶಿಕ್ಷಕರು, ಹಾಸನ